ಅತ್ತೆಯ ಕಣ್ಣೂ ಧಾರಾವಾಹಿಯ ಮಗುವೂ

ಕಥೆ ಓದಿ ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರ. ಯಾರೋ ಒಬ್ಬರು ತಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಬರೆದದ್ದಕ್ಕೆ, ಇಲ್ಲದ ಊರಿನ ಇಲ್ಲದ ಹೆಂಗಸಿಗೆ ಬಂದ ಕಷ್ಟಕ್ಕೆ, ಇಲ್ಲಿ ಕುಳಿತು ಸೆರಗು ಒದ್ದೆ ಮಾಡಿಕೊಳ್ಳುವುದೆಂದರೇನು? ನಾನು ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಅರ್ಜಿಗಳನ್ನು ನೋಡುತ್ತಾ ಬಂದವನು. ನಿಜವಾದ ಊರಿನ ನಿಜವಾದ ಜನರ ಕಷ್ಟಗಳು ಸಹಿ ಸಮೇತ ನನ್ನ ಮೇಜಿಗೆ ಬರುತ್ತವೆ. ಅವನ್ನು ಓದಿ 'ಅಡಕಗಳು ಇಲ್ಲದ ಕಾರಣ ಹಿಂದಿರುಗಿಸಿದೆ' ಎಂದು ಬರೆಯುವಾಗ ನನ್ನ ಕೈ ಒಂದು ದಿನವೂ ನಡುಗಿದ್ದಿಲ್ಲ. ಹೀಗಾಗಿ ಅತ್ತೆಯ ಕಣ್ಣಿಗೆ ಪೊರೆಯ ಆಪರೇಷನ್ ಆದಾಗ, ಅವರಿಗೆ ಧಾರಾವಾಹಿ ಓದಿ ಹೇಳುವ ಕೆಲಸಕ್ಕೆ ಹೆಂಡತಿ ವಿಮಲ ನನ್ನನ್ನೇ ನೇಮಿಸಿದ್ದರಲ್ಲಿ ಅವಳ ತಪ್ಪೇನೂ ಇಲ್ಲ.

ಅತ್ತೆ ಕೆರಾಡಿಯವರು. ಐದಾರು ವರ್ಷಗಳಿಂದ ತೆಕ್ಕಟ್ಟೆಯಲ್ಲಿ ನಮ್ಮ ಜೊತೆಗಿದ್ದಾರೆ. ತಾಳಮದ್ದಳೆ ಮತ್ತು ವಾರಪತ್ರಿಕೆ ಇದ್ದರೆ ಊಟ ತಡವಾದದ್ದೂ ಅವರ ಗಮನಕ್ಕೆ ಬರುವುದಿಲ್ಲ. ಆಗ ಪತ್ರಿಕೆಯಲ್ಲಿ ಬರುತ್ತಿದ್ದದ್ದು ಗಿರಿಜ ಎಂಬವಳ ಕಥೆ. ಗಂಡನ ಮನೆಯಿಂದ ಹೊರಬಿದ್ದು, ಎರಡೂವರೆ ವರ್ಷದ ಮಗಳು ಚಿನ್ನುವನ್ನು ಕಟ್ಟಿಕೊಂಡು, ಬಟ್ಟೆ ಹೊಲಿದು ಬದುಕುವವಳು. ಕುಂದಾಪುರದ ಕಣ್ಣಿನ ಡಾಕ್ಟರು ಮನೆಗೆ ಕಳಿಸುವಾಗ, "ಒಂದು ತಿಂಗಳು ಓದಬೇಡಿ, ಕಣ್ಣು ಉಜ್ಜಬೇಡಿ. ಅತ್ತರೆ ಉಜ್ಜದೆ ಇರಲಿಕ್ಕಾಗುವುದಿಲ್ಲ, ಆದ್ದರಿಂದ ಅಳಲೂಬೇಡಿ" ಎಂದರು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಧಾರಾವಾಹಿ ಕೇಂಬುಕ್ ಅಕ್ಕಾ?" ಡಾಕ್ಟರು ನಕ್ಕು, ಕೇಳಲು ಅಡ್ಡಿಯಿಲ್ಲ ಎಂದುಬಿಟ್ಟರು. ಅವರು ಧಾರಾವಾಹಿ ಓದುವವರಲ್ಲ ಎಂದು ಅಲ್ಲಿಯೇ ತಿಳಿಯಿತು.

ಮೊದಲನೆಯ ಭಾನುವಾರವೇ ಎಡವಟ್ಟಾಯಿತು. ಆ ವಾರ ಗಿರಿಜಳ ಹೊಲಿಗೆ ಮಿಷನ್ನನ್ನು ಮನೆಯ ಯಜಮಾನ ಬೀದಿಗೆ ತಂದಿಡುತ್ತಾನೆ. ನಾನು ಓದಿದ್ದು ಎರಡು ಸಾಲು. ಅತ್ತೆಯ ಕೈ ಆಗಲೇ ಕಣ್ಣಿನ ಕಡೆ ಹೊರಟಿತ್ತು. ವಿಮಲ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದಳು. "ಅಮ್ಮ, ಕಣ್ಣ್ ಮುಟ್ಟುಕಾಗ" ಎಂದು ಅವರ ಕೈ ಹಿಡಿದು, ನನ್ನ ಕಡೆ ತಿರುಗಿ, "ನೀವ್ ಎಂತಕೆ ಅಷ್ಟ್ ಬೇಜಾರಗೆ ಓದ್ತ್ರಿ? ಕರೆಂಟ್ ಬಿಲ್ ಓದ್ದಂಗೆ ಓದಿ" ಎಂದಳು. ನಾನು ಹಾಗೆಯೇ ಓದುತ್ತಿದ್ದೆ ಎಂದರೆ ನಂಬಲಿಲ್ಲ.

ಎರಡನೆಯ ವಾರದ ಸಂಚಿಕೆಯನ್ನು ಮುನ್ನೆಚ್ಚರಿಕೆಯಾಗಿ ನಾನೇ ಮೊದಲು ಓದಿದೆ. ಓದಿ ಕಂಗಾಲಾದೆ. ಚಿನ್ನುವಿಗೆ ಜ್ವರ ಬರುತ್ತದೆ, ಗಿರಿಜ ಅವಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಾಳೆ, ಬಸ್ಸು ಬರುವುದರೊಳಗೆ ಮಗು ಹೋಗಿಬಿಡುತ್ತದೆ. ವಿಷಯ ಹೇಳಿದಾಗ ವಿಮಲ ಬೈಯುವಳೆಂದು ಕಾದೆ. ಅವಳು ಸುಮ್ಮನೆ ನೆಲದ ಮೇಲೆ ಕುಳಿತುಬಿಟ್ಟಳು. "ಅಮ್ಮಂಗೆ ನನ್ಕಿಂತ ಮುಂಚೆ ಒಂದ್ ಹೆಣ್ಣ್ ಇದ್ದಿತ್ತ್. ಅದಕ್ಕೂ ಇಷ್ಟೇ ಪ್ರಾಯ. ಜ್ವರ ಬಂದ್, ಹೊಳಿ ದಾಟುಕಾಗ್ದೆ ಹೋಯ್ತ್ ಅಂಬ್ರ್. ಅಮ್ಮ ಆ ಮಾತ್ ಯಾವತ್ತೂ ಎತ್ತಿದ್ದಿಲ್ಲೆ. ನಂಗ್ ಅದ್ರ ಹೆಸ್ರೂ ಗೊತ್ತಿಲ್ಲೆ" ಎಂದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಈ ಸುದ್ದಿ ಕೇಳಿದ್ದು ಅದೇ ಮೊದಲು. ಪತ್ರಿಕೆ ಬರಲೇ ಇಲ್ಲ ಎಂದು ಹೇಳೋಣವೆಂದರೆ, ಪೇಪರಿನವನ ಕೈಯಿಂದ ಅದನ್ನು ಇಸಿದುಕೊಂಡು ನನ್ನ ಕುರ್ಚಿಯ ಮೇಲೆ ಇಟ್ಟವರು ಅತ್ತೆಯೇ.

ಭಾನುವಾರ ಜಗಲಿಯಲ್ಲಿ ಓದಲು ಕುಳಿತೆ. ಜ್ವರದವರೆಗೆ ಹೇಗೋ ಬಂದೆ. ಅಲ್ಲಿ ಅತ್ತೆ ಕುರ್ಚಿಯ ಕೈಯನ್ನು ಹಿಡಿದುಕೊಂಡದ್ದು ಕಂಡಿತು. ನನಗೆ ಏನಾಯಿತೋ ಗೊತ್ತಿಲ್ಲ, ಪುಟದಲ್ಲಿ ಇಲ್ಲದ ವಾಕ್ಯವೊಂದು ಬಾಯಿಂದ ಬಂತು: "ಸದರಿ ದಿನ ಸಂಜೆಯೊಳಗಾಗಿ ಚಿನ್ನುವಿನ ಜ್ವರವು ಸಂಪೂರ್ಣ ಇಳಿದಿರುವುದು ಕಂಡುಬಂದಿತು." ಮೂವತ್ತು ವರ್ಷ ಕಡತ ಬರೆದವನಿಂದ ಇನ್ನೆಂಥ ಸಾಹಿತ್ಯ ಬರಬೇಕು?

"ಹ್ವಾಯ್, ಜ್ವರ ಇಳಿತಾ?" ಎಂದರು ಅತ್ತೆ.

"ಇಳಿತ್" ಎಂದೆ.

"ಬರ್ದವ್ರಿಗೆ ಎಂತಾಯ್ತ್? ನೋಟೀಸ್ ಬರ್ದಂಗೆ ಇತ್ತಲೆ" ಎಂದವರು, ಮೆಲ್ಲಗೆ ಕೇಳಿದರು: "ಮಗು ಗಂಜಿ ಉಂಡಿತಾ?" ಉಂಡಿತು, ಉಪ್ಪಿನಕಾಯಿಯನ್ನೂ ಕೇಳಿತು ಎಂದೆ. ಅವರ ಕೈ ಕುರ್ಚಿಯನ್ನು ಬಿಟ್ಟಿತು.

ಮಗುವನ್ನು ಉಳಿಸುವುದು ಅಷ್ಟೇನೂ ಕಷ್ಟವಲ್ಲ, ಉಳಿಸಿದ ಮೇಲೆ ಸಾಕಬೇಕಲ್ಲ. ಮುಂದಿನ ಎರಡು ವಾರ ನನಗೆ ಕುಳಿತಲ್ಲಿ ಕುಳಿತುಕೊಳ್ಳಲಾಗಲಿಲ್ಲ. ಪತ್ರಿಕೆಯ ಗಿರಿಜ ಖಾಲಿ ಮನೆಯಲ್ಲಿ ಸಣ್ಣ ಸಣ್ಣ ಅಂಗಿಗಳನ್ನು ಮಡಚಿಡುತ್ತಾ ಕುಳಿತಿದ್ದಾಳೆ. ಆ ಪುಟವನ್ನೇ ನೋಡುತ್ತಾ ನಾನು ಚಿನ್ನುವನ್ನು ಅಂಗನವಾಡಿಗೆ ಕಳಿಸಬೇಕು. ಎರಡೂವರೆ ವರ್ಷದ ಮಕ್ಕಳು ಏನು ಮಾಡುತ್ತವೆ ಎಂಬುದೇ ನನಗೆ ಮರೆತುಹೋಗಿತ್ತು. ನನ್ನ ಮಗಳಿಗೆ ಆ ವಯಸ್ಸಾಗಿದ್ದಾಗ ನಾನು ಇಲಾಖಾ ಪರೀಕ್ಷೆಗೆ ಓದುತ್ತಿದ್ದೆ. ಅದಕ್ಕಾಗಿ ಒಂದು ಸಂಜೆ ಸ್ಕೂಟರ್ ಹತ್ತಿ ತ್ರಾಸಿಯ ಕಡಲ ದಂಡೆಗೆ ಹೋಗಿ, ಯಾರ್ಯಾರದೋ ಮಕ್ಕಳು ಹೊಯ್ಗೆಯಲ್ಲಿ ಆಡುವುದನ್ನು ನೋಡುತ್ತಾ ನಿಂತೆ. ಒಂದು ಮಗು ಅಮ್ಮನ ಚಪ್ಪಲಿಯಲ್ಲಿ ಹೊಯ್ಗೆ ತುಂಬಿಸಿ ಅದಕ್ಕೆ ಊಟ ಮಾಡಿಸುತ್ತಿತ್ತು. ಅದನ್ನು ಕದ್ದು ತಂದು ಚಿನ್ನುವಿಗೆ ಕೊಟ್ಟೆ. ಅತ್ತೆ ಬಹಳ ಹೊತ್ತು ನಕ್ಕರು.

ರೋಗ ಕಚೇರಿಗೂ ಹಬ್ಬಿತು. ಹೆಗಲ ಮೇಲೆ ಮಗುವನ್ನು ಮಲಗಿಸಿಕೊಂಡ ಹೆಂಗಸೊಬ್ಬಳು ಅರ್ಜಿ ತಂದಳು. ಎರಡು ಅಡಕ ಇರಲಿಲ್ಲ. ಹಿಂದಿರುಗಿಸಲು ಪೆನ್ನು ತೆಗೆದವನು, "ಮಗುವಿಗೆ ಜ್ವರವಾ? ಗಂಜಿ ಉಣ್ಣುತ್ತದಾ?" ಎಂದು ಕೇಳಿದೆ. ಅರ್ಜಿಯನ್ನು ಇಟ್ಟುಕೊಂಡು, ಉಳಿದ ಕಾಗದವನ್ನು ಆಮೇಲೆ ತಂದರಾಯಿತು ಎಂದೆ. ಪಕ್ಕದ ಮೇಜಿನವರು ನನಗೇ ಜ್ವರವೋ ಎಂಬಂತೆ ನೋಡಿದರು. ಸಾಹೇಬರು ಕರೆದು ಕಾರಣ ಕೇಳಿದಾಗ, ವಾರಪತ್ರಿಕೆಯ ಮಗುವೊಂದರ ಯೋಗಕ್ಷೇಮ ನನ್ನ ಮೇಲಿದೆ ಎಂದು ಹೇಳಲಿಕ್ಕಾಗುತ್ತದೆಯೇ? ತಪ್ಪಾಯಿತು ಎಂದು ಹೇಳಿ ಬಂದೆ.

ಇನ್ನೊಂದು ಭಯ ಪಕ್ಕದ ಮನೆಯ ಸರೋಜಕ್ಕ. ನಮ್ಮ ನಂತರ ಪತ್ರಿಕೆ ಓದುವ ಹಕ್ಕು ಅವರದು. ಸಂಚಿಕೆಗಳನ್ನೆಲ್ಲ ನಾನು ಸ್ಕೂಟರಿನ ಸೀಟಿನ ಕೆಳಗೆ ಅಡಗಿಸಿಟ್ಟಿದ್ದರೂ, ಅವರು ಎಲ್ಲಿಯೋ ಓದಿಕೊಂಡು ಬಂದು ಅಂಗಳದಲ್ಲಿ ನಿಂತು, "ಪಾಪ, ಆ ಚಿನ್ನು" ಎಂದು ಶುರುಮಾಡಿದರು. ನಾನು ಒಳಗಿನಿಂದ ಹಾರಿ ಬಂದು, "ಹುಷಾರಾಯ್ತ್, ಹುಷಾರಾಯ್ತ್" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅರಸಿನ ಎಲೆ ಕೇಳಲು ಬಂದದ್ದನ್ನೇ ಮರೆತು ಹೋದರು. ಆಮೇಲೆ ನಮ್ಮ ಗೇಟಿನ ಚಿಲಕ ಸದ್ದಾದಾಗಲೆಲ್ಲ ಎಲ್ಲರಿಗಿಂತ ಮೊದಲು ನಾನೇ ಅಂಗಳಕ್ಕೆ ಓಡುತ್ತಿದ್ದೆ.

ತಿಂಗಳು ಮುಗಿಯಿತು. ಕಣ್ಣು ಸಂಪೂರ್ಣ ಸರಿಯಿದೆ, ಇನ್ನು ಓದಬಹುದು ಎಂದರು ಡಾಕ್ಟರು. ಮನೆಗೆ ಬಂದು ಹೊಸ ಕನ್ನಡಕ ಹಾಕಿಕೊಂಡ ಅತ್ತೆ ಕೈ ಚಾಚಿದರು: "ಆ ಪತ್ರಿಕಿ ಎಲ್ಲ ಕೊಡಿ, ಇನ್ನ್ ನಾನೇ ಓದ್ತೆ." ನಾನು ಅಂಗಳಕ್ಕೆ ಮೂರು ಸುತ್ತು ಹಾಕಿದೆ. ಒಂದು ಸಲ ಸ್ಕೂಟರ್ ಸ್ಟಾರ್ಟ್ ಮಾಡಿ ಆಫ್ ಕೂಡಾ ಮಾಡಿದೆ. ಕೊನೆಗೆ ಸಂಚಿಕೆಗಳನ್ನು ತಂದು ಅವರ ಮಡಿಲಲ್ಲಿ ಇಟ್ಟೆ. "ಅತ್ತೆ, ಅದ್ರಗೆ ಚಿನ್ನು ಇಲ್ಲೆ. ನಾನ್ ಓದಿದ್ದೆಲ್ಲ ಸುಳ್ಳ್" ಎಂದೆ.

ಅತ್ತೆ ಆ ಪುಟ ಹುಡುಕಿ, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ವಿಮಲ ಬಾಗಿಲಲ್ಲಿ, ನಾನು ಕಂಬದ ಹತ್ತಿರ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು, ಅವರು ಒರೆಸಿಕೊಳ್ಳಲಿಲ್ಲ. ಆಮೇಲೆ ಹೇಳಿದರು: "ಇದ್ ಬರ್ದವ್ರಿಗೆ ಗೊತ್ತಿತ್ತ್. ಮಗು ಹೆಗ್ಲ್ ಮೇಲ್ ಹೀಂಗೇ ಭಾರ ಆಪುದ್. ನಮ್ಮ್ ಸುಶೀಲನೂ ಹೀಂಗೇ ಹೋದ್ದ್." ವಿಮಲ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. ಐವತ್ತೊಂದನೆಯ ವಯಸ್ಸಿನಲ್ಲಿ ಅವಳಿಗೆ ಅಕ್ಕನ ಹೆಸರು ಗೊತ್ತಾದದ್ದು ಹೀಗೆ.

"ನೀವ್ ಹೇಳಿದ್ದೂ ಲಾಯ್ಕ್ ಇದ್ದಿತ್ತ್" ಎಂದರು ಅತ್ತೆ ನನಗೆ. "ತಾಳಮದ್ದಳಿಯಗೆ ಅರ್ಥ ಹೇಳ್ದಂಗೆ. ಆದ್ರೆ ಪದ ಮುಗಿವಲ್ಲಿಗೇ ಬರ್ಕಲೆ." ಮಾತಾಡುವ ಅರ್ಥಧಾರಿ ಎಷ್ಟೇ ವಾದ ಮಾಡಲಿ, ಹಾಡುವ ಭಾಗವತರ ಪದ ಕೊಂಡೊಯ್ದಲ್ಲಿಗೆ ಹೋಗಲೇಬೇಕು; ಇದು ನನಗೂ ಗೊತ್ತಿದ್ದದ್ದೇ. ನನಗೆ ಬಹಳ ನಾಚಿಕೆಯಾಯಿತು. ಅವರನ್ನು ಕಾಪಾಡುತ್ತಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದವನು, ಅವರು ಐವತ್ತು ವರ್ಷ ಯಾರ ಮುಂದೆಯೂ ಅಳದ ಅಳುವಿಗೆ ಸಿಕ್ಕಿದ ಒಂದು ದಾರಿಯನ್ನು ಮುಚ್ಚಿ ಕುಳಿತಿದ್ದೆ.

ಪ್ರಾಯಶ್ಚಿತ್ತಕ್ಕೆಂದು, ಆ ಭಾಗವನ್ನು ಇದ್ದದ್ದು ಇದ್ದ ಹಾಗೆ ನಾನೇ ಗಟ್ಟಿಯಾಗಿ ಓದುತ್ತೇನೆ ಎಂದೆ. ಮೂರನೆಯ ಸಾಲಿನಲ್ಲೇ ನಿಂತುಬಿಟ್ಟೆ. ಕೆಮ್ಮಿದೆ, ನೀರು ಕುಡಿದೆ, ಪುನಃ ಅದೇ ಸಾಲಿಗೆ ಬಂದೆ. ನಾನು ಚಪ್ಪಲಿಯಲ್ಲಿ ಹೊಯ್ಗೆ ತುಂಬಿಸಲು ಕಲಿಸಿದ ಮಗು ಅದು. "ಕೊಡಿ ಇಲ್ಲ್, ನಿಮ್ಮತ್ರ ಆತ್ತಿಲ್ಲೆ" ಎಂದು ಅತ್ತೆ ಪತ್ರಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದತೊಡಗಿದರು. ಸ್ವರ ಎಲ್ಲಿಯೂ ಅಲುಗಲಿಲ್ಲ. ಬಸ್‌ಸ್ಟಾಪಿನಲ್ಲಿ ಗಿರಿಜ ಮಗುವಿನ ಕಾಲು ಮುಟ್ಟಿ ನೋಡುವ ನಾಲ್ಕು ಸಾಲು ಅಲ್ಲಿವೆ. ಮುಚ್ಚಿಡಲಿಕ್ಕೆಂದು ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಅತ್ತೆ ಅಲ್ಲಿಗೆ ಬಂದವರು ಕನ್ನಡಕದ ಮೇಲಿನಿಂದ ಒಮ್ಮೆ ನನ್ನ ಮುಖ ನೋಡಿದರು, ಪುಟ ಮಗುಚಿ ಮುಂದಿನದನ್ನು ಓದಿದರು. ನಾಲ್ಕು ಸಾಲು ಬಿಟ್ಟಿರಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬಿಟ್ಟದ್ದು ಒಳ್ಳೆಯದೇ ಆಯಿತು ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅನ್ನಿಸಿತು.