ತಬಲಾ ಬಂತು, ಕಾಕಾ ಬಂದರು

ಬಸವಕಲ್ಯಾಣದಲ್ಲಿ ಕಾರಿಗೆ ಸ್ಪೀಕರ್ ಕೂಡಿಸುವ ಅಂಗಡಿ ನನ್ನದು. ಕೆಟ್ಟ ಸ್ಪೀಕರ್ ಬರುವುದು ಅಪರೂಪ. ಚೆನ್ನಾಗಿರುವ ಸ್ಪೀಕರನ್ನು ಬೈಯುವವರು ದಿನಾ ಬರುತ್ತಾರೆ. ಅವರಲ್ಲೆಲ್ಲ ಹಿರಿಯರು ಹತ್ತಿರದ ಕೊಹಿನೂರ ಹಳ್ಳಿಯ ಒಬ್ಬ ರೈತ ಕಾಕಾ.

ಯಾರಿಗೆ ವಯಸ್ಸು?

ಕಾಕಾ ಬರುವ ಮೊದಲೇ ಅವರ ಕಾರಿನೊಳಗಿನ ತಬಲಾ ಬಂತು. ನನ್ನ ಚಹಾದ ಕಪ್ಪು ಬಸಿಯ ಮೇಲೆ ತಾನೇ ಕುಣಿಯತೊಡಗಿತು. ಕಾರು ನಿಂತ ಮೇಲೆ ಅವರ ಹೆಂಡತಿ ಕಾಕಿ ಇಳಿದು ಎರಡೂ ಕಿವಿಗಳಿಂದ ಹತ್ತಿ ತೆಗೆದರು.

“ಭಜನಿ ಹಚ್ಚಿದರ ಬರೇ ತಬಲಾ ಕೇಳಸ್ತದ. ಹಾಡವ್ರು ಬಾಯಾಗ ಬೆಲ್ಲ ಇಟ್ಕೊಂಡಾರೇನು? ಸ್ಪೀಕರ್ ಬದಲ ಮಾಡು,” ಎಂದರು ಕಾಕಾ.

“ಸ್ಪೀಕರ್ ಹೊಸಾವೇ ಅವ. ಕಿವಿ ಹಳೇವಾಗ್ಯಾವ,” ಎಂದರು ಕಾಕಿ.

“ಏನೂ ಕೆಟ್ಟಿಲ್ಲ, ನನ್ನ ಕಿವಿ ಸಾಬೂತ ಅವ!”

ವಯಸ್ಸಾದಂತೆ ಕಿವಿಯಿಂದ ತೆಳ್ಳಗಿನ ಸದ್ದು ಜಾರಿಹೋಗುತ್ತದೆ, ದಪ್ಪ ಸದ್ದು ಉಳಿಯುತ್ತದೆ. ತಬಲಾ ಇರುತ್ತದೆ, ಮಾತು ಹೋಗುತ್ತದೆ. ಇದನ್ನು ಗಿರಾಕಿಯ ಮುಖದ ಮೇಲೆ ಹೇಳುವುದು ಹೇಗೆ? “ಗಾಡಿಗಿ ವಯಸ್ಸಾಗ್ಯದ್ರಿ ಕಾಕಾ,” ಎಂದೆ.

“ಹೋದ ದೀಪಾವಳಿಗಿ ತಂದೀನಲೋ!”

ಕಾಕಿ ಸೆರಗನ್ನು ಬಾಯಿಗೆ ತುರುಕಿಕೊಂಡರು.

ಹುಮನಾಬಾದ ರಸ್ತೆ

ನಾನು ದಪ್ಪ ಸದ್ದು ಇಳಿಸಿ, ತೆಳ್ಳಗಿನದು ಏರಿಸಿ, ಹಾಡನ್ನೆಲ್ಲ ಕಾಕಾ ಕೂಡುವ ಬದಿಗೆ ತಿರುಗಿಸಿದೆ. ಪರೀಕ್ಷೆಗೆಂದು ಕಾಕಾರ ಕೈಗೇ ಸ್ಟೀರಿಂಗ್ ಕೊಟ್ಟು ಮೂವರೂ ಹುಮನಾಬಾದಿನ ಕಡೆ ಹೊರಟೆವು. ಈಗ ಅರ್ಧ ಸದ್ದು ಸಾಕಾಯಿತು. ಭಜನೆಯ ಮಾತು ಕೇಳಿಸಿ ಕಾಕಾರ ಮುಖ ಅರಳಿತು, ನನಗೂ ಭಾಳ ಖುಷಿಯಾಯಿತು. ಅಷ್ಟರಲ್ಲಿ ಅವರು ಹುಬ್ಬು ಗಂಟಿಕ್ಕಿದರು.

“ಅದೇನೋ ಟಿಕ್ ಟಿಕ್ ಅನ್ನಾಕತ್ತದಲ್ಲ?”

“ಇಂಡಿಕೇಟರ್ ರೀ. ಊರು ಬಿಟ್ಟಾಗಿಂದ ಬಲಕ್ಕ ಹೊಳ್ಳತೀನಿ ಅಂತ ತೋರಸಾಕತ್ತೀರಿ.”

“ಅದಕ್ಕ ದನೀನೂ ಇರ್ತದ?” ಕಾಕಾ ಬೆರಗಾದರು. ಸ್ವಲ್ಪ ಹೊತ್ತಿಗೆ, “ಇವತ್ತ ಹಿಂದಿನವ್ರೆಲ್ಲಾ ಯಾಕ ಇಷ್ಟ ಹಾರ್ನ್ ಹೊಡ್ಯಾಕತ್ತಾರ?”

“ಇವತ್ತಲ್ರಿ,” ಎಂದರು ಕಾಕಿ, “ದಿನಾ.”

ಮೊದಲಿನಂಗ ಮಾಡು

ವಾರದೊಳಗೆ ಕಾಕಿ ಒಬ್ಬರೇ ಬಸ್ಸಿನಲ್ಲಿ ಬಂದರು.

“ತಮ್ಮಾ, ಆ ಸ್ಪೀಕರ್ ಮೊದಲಿನಂಗ ಮಾಡು. ಅವರು ಹೊರಗ ಹೋದಾಗ ಗೆಳತ್ಯಾರೆಲ್ಲಾ ನಮ್ಮ ಅಂಗಳದಾಗ ಕೂಡ್ತೀವಿ. ತಮ್ಮ ತಮ್ಮ ಗಂಡನ ಸೋಗು ಹಾಕಿ ನಗ್ತೀವಿ. ಹಳ್ಳದ ಹತ್ತಿರ ತಬಲಾ ಕೇಳಿತಂದ್ರ ಎಲ್ಲಾರೂ ಎದ್ದು ಮನೀಗಿ. ಈಗ ಅವರು ಬೆಕ್ಕಿನಂಗ ಬರ್ತಾರ! ಅಂಜಿ ಒಬ್ಬಾಕೀನೂ ಬರವಲ್ಲಳು. ನಾ ನಗೋದ ಬಿಟ್ಟೀನಿ ನೋಡು.”

ಎಂಥ ಸೋಗು ಎಂದು ನಾನು ಕೇಳಬಾರದಿತ್ತು. ಕಾಕಿ ಹೊಟ್ಟೆ ಮುಂದೆ ಮಾಡಿ, ಕಿವಿಗೆ ಕೈ ಹಚ್ಚಿ, “ಆಂ? ನನ್ನ ಕಿವಿ ಸಾಬೂತ ಅವ! ಆಂ?” ಎಂದು ಅಂಗಡಿ ತುಂಬ ತಿರುಗಿದರು. ವರ್ಷಗಟ್ಟಲೆ ಕಾಕಾರ ಜೊತೆ ಮಾತಾಡಿ ಪಳಗಿದ ದನಿ ಅದು, ಎದುರಿನ ಓಣಿಗೂ ಮುಟ್ಟಿತು. ನಗುತ್ತ ನಗುತ್ತ ನಾನು ಸ್ಟೂಲಿನಿಂದ ಜಾರಿಬಿದ್ದೆ. ಬಿದ್ದಲ್ಲಿಂದಲೇ ನೋಡಿದೆ: ಬಾಗಿಲಲ್ಲಿ ಸದ್ದಿಲ್ಲದೆ ಕಾಕಾರ ಕಾರು ಬಂದು ನಿಂತಿತ್ತು.

“ಎಲ್ಲಾ ಕೇಳ್ತು,” ಎಂದರು ಕಾಕಾ.

ಕಾಕಿ ಕಿವಿಗೆ ಹಚ್ಚಿದ ಕೈ ಇಳಿಸುವುದನ್ನೂ ಮರೆತರು.

“ನನ್ನ ಹೊಟ್ಟಿ ಅಷ್ಟ ಮುಂದ ಇಲ್ಲ,” ಎಂದು ಕಾಕಾ ಕಾರಿನ ಎಡಬಾಗಿಲು ತೆರೆದರು. “ನಡಿ ಮನೀಗಿ. ಎಲ್ಲಾರಿಗೂ ಬರಾಕ ಹೇಳು. ನಾಳಿಂದ ಹಳ್ಳ ದಾಟೂದಕ್ಕ ಮೊದಲ ಹಾರ್ನ್ ಹೊಡೀತೀನಿ.”

ಕಾಕಿ ಸೀಟಿನಲ್ಲಿ ಆರಾಮಾಗಿ ಕೂತು ಹೇಳಿದರು: “ಉದ್ದಕ ಹೊಡೀರಿ ಮತ್ತ. ನಮ್ಮ ಗೆಳತ್ಯಾರ ಕಿವೀನೂ ನಿಮ್ಮಂಗ ಸಾಬೂತ ಅವ.”