ಅಪ್ಪ ಮಾಡಿದ ಬಾಣಂತನ

ಹೆರಿಗೆಯಾದ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಬಾಣಂತನ ಮಾಡುವವರು ಗಂಡಸಾದರಂತೂ ಮೂರು ಹೊತ್ತೂ ಆಗುತ್ತದೆ. ನನಗೆ ಬಾಣಂತನ ಮಾಡಿದ್ದು ನಮ್ಮಪ್ಪ.

ನಮ್ಮವ್ವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ತವರಲ್ಲಿ ಹೆಂಗಸಿಲ್ಲ, ಸೊಸೆ ಪಾಂಡವಪುರಕ್ಕೇ ಬರಲಿ ಎಂದು ಅತ್ತೆ ಆಸ್ಪತ್ರೆಯಲ್ಲೇ ಹೇಳಿಬಿಟ್ಟರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಚೊಚ್ಚಲ ಹೆರಿಗೆಗೆ ತವರಿಲ್ಲದವಳು ಅನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. ಅಪ್ಪ ಮಗುವಿನ ಪಾದ ಮುಟ್ಟಿ ನೋಡುತ್ತಾ, "ನಾನಿಲ್ವಾ, ತವರು ಯಾಕಿಲ್ಲ?" ಅಂದ.

ಹದಿನೈದು ದಿನ ನೋಡುತ್ತೇನೆ, ಬಾಣಂತಿ ಸೊರಗಿದ್ದರೆ ಕಾರು ತಂದು ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆ ಕರಾರು ಹಾಕಿದರು.

೧. ಶಿಫ್ಟು

ಅಪ್ಪ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ರಿಟೈರ್ ಆದವನು. ಬಾಣಂತನವನ್ನೂ ಶಿಫ್ಟಿನ ಲೆಕ್ಕದಲ್ಲೇ ಶುರು ಮಾಡಿದ. ಬೆಳಿಗ್ಗೆ ಆರಕ್ಕೆ ಕಷಾಯ ಎಂದರೆ ಆರಕ್ಕೆ ಕಷಾಯ. ಮಗುವಿನ ಹಾಲಿಗೂ ಹೊತ್ತು ಗೊತ್ತು ಮಾಡಿದ್ದ. ಅದು ಮಧ್ಯೆ ಅತ್ತರೆ ಗಡಿಯಾರ ನೋಡಿ, ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ ಎಂದು ಮಗುವಿಗೇ ತಿಳಿಸಿ ಹೇಳುತ್ತಿದ್ದ.

ಮೂರನೇ ದಿನ ಗಡಿಯಾರವನ್ನು ಗೋಡೆಯಿಂದಲೇ ಇಳಿಸಿಬಿಟ್ಟ. "ಇದು ಯೂನಿಯನ್ ಲೀಡರ್ ಕಣವ್ವ. ಇದ್ರತ್ರ ರೂಲ್ಸು ನಡ್ಯಲ್ಲ" ಅಂದ.

೨. ಪಥ್ಯ

ಮಗು ನೋಡಲು ಬಂದ ಬೀದಿಯ ಹೆಂಗಸರು ಒಬ್ಬೊಬ್ಬರೂ ಒಂದೊಂದು ಬೇಡ ಎಂದು ಹೇಳಿ ಹೋದರು. ಬದನೆಕಾಯಿ ನಂಜು, ಮೊಸರು ಶೀತ, ಆಲೂಗಡ್ಡೆ ವಾಯು, ಅವರೆಕಾಳು ತಿಂದರೆ ಮಗುವಿಗೆ ಹೊಟ್ಟೆನೋವು. ಅಪ್ಪ ಯಾರ ಮಾತನ್ನೂ ತೆಗೆದುಹಾಕಲಿಲ್ಲ, ತಪ್ಪಿದರೆ ಕಾರು ಬರುತ್ತದಲ್ಲ. ಎಲ್ಲ ಬಿಟ್ಟ ಮೇಲೆ ಉಳಿದದ್ದು ಅನ್ನ, ತುಪ್ಪ, ಬೆಳ್ಳುಳ್ಳಿ. ನಾಲ್ಕು ದಿನ ಬೆಳ್ಳುಳ್ಳಿ ಸಾರು, ಬೆಳ್ಳುಳ್ಳಿ ಚಟ್ನಿ, ಸುಟ್ಟ ಬೆಳ್ಳುಳ್ಳಿ. ಐದನೇ ದಿನ ಆಸ್ಪತ್ರೆಯ ನರ್ಸಮ್ಮ ಬಂದು ಅಪ್ಪನಿಗೆ ಚೆನ್ನಾಗಿ ಬೈದು, ಸೊಪ್ಪು, ಬೇಳೆ, ಮೊಟ್ಟೆ ಎಲ್ಲ ಕೊಡಬೇಕೆಂದು ಹೇಳಿದ ಮೇಲೆಯೇ ನನಗೆ ಬಿಡುಗಡೆ.

ಅದಕ್ಕೆ ಒಂದು ದಿನ ಮುಂಚೆ ನನ್ನ ಗಂಡ ಬಂದಿದ್ದರು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ನಿಂತರು. ಅಪ್ಪನಿಗೆ ಅದೇ ಸರ್ಟಿಫಿಕೇಟು. "ಬಾಣಂತನ ಜೋರಾಗೇ ನಡೀತಾ ಅದೆ ಅಂತ ನಿಮ್ಮವ್ವಾರ್ಗೆ ಏಳ್ಬುಡಿ" ಅಂದ.

೩. ಹಂಡೆ

ನೀರು ಹುಯ್ಯುವುದೊಂದು ಮಾತ್ರ ಅಪ್ಪನಿಂದ ಆಗದ ಕೆಲಸ. ಪಕ್ಕದ ಮನೆಯ ಲಾರಿ ಡ್ರೈವರ್ ಸಾಹೇಬರ ಹೆಂಡತಿ, ನಾವು ಖಾಲಮ್ಮ ಅನ್ನುತ್ತಿದ್ದವರು, ಕರೆಯದೆಯೇ ಬಂದರು. ಅವ್ವನ ಗೆಳತಿ ಅವರು. ಮೊದಲ ದಿನ ಅಪ್ಪ ಹಂಡೆಗೆ ಹಾಕಿದ ಉರಿಗೆ ನೀರು ಕೊತಕೊತ ಕುದಿಯುತ್ತಿತ್ತು. ಖಾಲಮ್ಮ ಬಚ್ಚಲಿನಿಂದ ತಲೆ ಹೊರಹಾಕಿ, "ಭಾಯ್, ಬಾಣಂತಿಗೆ ನೀರ್ ಕೇಳಿದ್ದು, ಸಕ್ರೆ ಮಾಡಕ್ಕಲ್ಲ" ಅಂದರು.

ಎಣ್ಣೆ ತಿಕ್ಕಿ, ಬೆನ್ನಿಗೆ ನೀರು ಹುಯ್ಯುತ್ತಿದ್ದಂತೆ ನನಗೆ ಅವ್ವ ನೆನಪಾಗಿ ಅಳು ತಡೆಯಲಾಗಲಿಲ್ಲ. ಖಾಲಮ್ಮನೂ ಅತ್ತರು. ಇದೆಲ್ಲ ಆಗಿ ಒಂಬತ್ತು ವರ್ಷವಾಯಿತು, ಆ ಬಿಸಿನೀರು ಇನ್ನೂ ನನ್ನ ಬೆನ್ನ ಮೇಲಿದೆ. ಇಬ್ಬರ ಅಳು ಕೇಳಿದ ಅಪ್ಪ ನೀರು ಸುಟ್ಟಿತೆಂದು ಗಾಬರಿಯಾಗಿ, ಎರಡು ಕೊಡ ತಣ್ಣೀರು ತಂದು ಬಾಗಿಲಲ್ಲಿಟ್ಟು ಓಡಿಹೋದ.

೪. ಕಾರು

ಹದಿನೈದನೇ ದಿನ ಬೆಳಿಗ್ಗೆಯೇ ಅತ್ತೆ ಕಾರಿನಲ್ಲಿ ಬಂದರು. ನನ್ನ ಕೆನ್ನೆ ನೋಡಿದರು, ಮಗುವಿನ ತೋಳು ಹಿಡಿದು ನೋಡಿದರು. ತಪ್ಪು ಸಿಗಲಿಲ್ಲ. ಆದರೂ ಗಂಡಸಿನ ಕೈ ಬಾಣಂತನ ಎಷ್ಟು ದಿನ, ಬಟ್ಟೆ ತುಂಬು ಅಂದರು. ಅಪ್ಪ ಬೆಳ್ಳುಳ್ಳಿ ಸುಲಿಯುತ್ತಾ ಕೂತ. ನಾನು ಬ್ಯಾಗು ತೆಗೆದೆ.

ಅತ್ತೆ ಏಳಲು ಹೋದರೆ ಮಂಡಿ ಹಿಡಿದುಕೊಂಡಿತು. ಖಾಲಮ್ಮ ನೋಡಿ, ನೀರು ಹೇಗೂ ಕಾದಿದೆ, ಎಣ್ಣೆ ಹಚ್ಚಿ ನಾಲ್ಕು ಚೊಂಬು ಹುಯ್ಯುತ್ತೇನೆ, ಆಮೇಲೆ ಹೊರಡಿ ಎಂದರು. ನಾಲ್ಕು ಚೊಂಬು ಎರಡು ಹಂಡೆಯಾಯಿತು. ಕಂಬಳಿ ಹೊದ್ದು ಮಲಗಿದ ಅತ್ತೆ ಎದ್ದಿದ್ದು ಸಂಜೆಗೆ. ಅಪ್ಪ ಮೆಣಸಿನ ಸಾರು, ಬಿಸಿ ಅನ್ನ ತಂದು ಮುಂದಿಟ್ಟ. ಎರಡು ತುತ್ತು ತಿಂದು ಅವರು ತಟ್ಟೆ ಕೆಳಗಿಟ್ಟರು.

"ನಂಗೆ ನಾಕು ಎರಿಗೆ ಆಯ್ತು" ಅಂದರು ಆಮೇಲೆ. "ನಾಕ್ರಲ್ಲೂ ತಿಂಗ್ಳು ತುಂಬಕ್ ಮುಂಚೆ ಗದ್ದೆಗಿಳ್ದೆ. ಯಾರೂ ಇಂಗೆ ವೊದ್ಸಿ ಮಲಗಿಸ್ಲಿಲ್ಲ."

ಕಾರು ಖಾಲಿ ವಾಪಸ್ಸಾಯಿತು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ನನ್ನ ಪಕ್ಕದ ಮಂಚದಲ್ಲೇ ಉಳಿದರು. ಹಾಗೆ ಉಳಿದ ಹನ್ನೆರಡನೇ ದಿನ, ಏಳು ತಿಂಗಳ ಬಸುರಿಯಾಗಿದ್ದ ತಮ್ಮ ಮಗಳಿಗೆ ಫೋನು ಮಾಡಿ, ಹೆರಿಗೆಗೆ ಪಾಂಡವಪುರಕ್ಕೆ ಬರಬೇಡ, ಸೀದಾ ಇಲ್ಲಿ ಬೀಗರ ಮನೆಗೇ ಬಾ ಎಂದು ಮಲಗಿದ್ದಲ್ಲಿಂದಲೇ ಹೇಳಿದರು.

ಸಾರಿನ ಪಾತ್ರೆ ಹಿಡಿದು ಬಂದ ಅಪ್ಪ ಅದನ್ನು ಕೇಳಿ ನಿಂತ.

"ಬರ್ಲಿ ಕಣಕ್ಕ. ಆದ್ರೆ ನನ್ನೊಬ್ನ ಕೈಲಿ ಮೂರು ಬಾಣಂತೀರ್ನ ನೋಡ್ಕೊಳ್ಳಕ್ಕಾಗಲ್ಲ. ಅವ್ಳು ಬರೋವತ್ಗೆ ನೀವೊಬ್ರು ಎದ್ಬುಡಿ."