ಕಿರುಚೋರ ಪೈಕಿ ಯಾರು ದೊಡ್ಡೋರು?

ಕ್ಯಾಸೆಟ್ ಅಂಗಡಿ ಇಟ್ಟವನು ಜಗಳ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಬಂದು ಕೌಂಟರ್ ಮುಂದೆ ನಿಲ್ಲುತ್ತದೆ. ಚಿಕ್ಕಬಳ್ಳಾಪುರದಲ್ಲಿ ನಾನು ಹಾಡು ರೆಕಾರ್ಡ್ ಮಾಡಿಕೊಡುವ ಅಂಗಡಿ ನಡೆಸಿದಷ್ಟು ವರ್ಷವೂ ಅದು ತಪ್ಪಲಿಲ್ಲ. ಭಜನೆ ಕ್ಯಾಸೆಟ್ಟಿಗಾಗಿ ಕೈ ಕೈ ಮಿಲಾಯಿಸಿದವರನ್ನೂ ನಾನು ಬಿಡಿಸಿದ್ದೇನೆ. ಆದರೆ ಎರಡು ಸಾವಿರದ ಇಸವಿ ದಾಟಿ, ಊರಿಗೆ ಸಿಡಿ ಬಂದು, ನನ್ನ ವ್ಯಾಪಾರ ಸೊರಗುತ್ತಿದ್ದ ಕಾಲದಲ್ಲಿ ನನ್ನ ಇಬ್ಬರು ಗೆಳೆಯರು ಆಡಿದ ಜಗಳದ ಮುಂದೆ ಅವೆಲ್ಲ ಏನೂ ಅಲ್ಲ.

ಒಬ್ಬ ಶಿಡ್ಲಘಟ್ಟದವನು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಯೂನಿಟ್ ಅವನದು. ಇನ್ನೊಬ್ಬ ಗೌರಿಬಿದನೂರಿನವನು, ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಐಟಿಐ ಓದುವಾಗ ಮೂವರದೂ ಒಂದೇ ಬೆಂಚು. ಭಾನುವಾರ ಬಂದರೆ ಇಬ್ಬರೂ ಎರಡು ದಿಕ್ಕಿನಿಂದ ಬಸ್ಸು ಹತ್ತಿ ನನ್ನ ಅಂಗಡಿಗೆ ಬರಬೇಕು, ಮಧ್ಯಾಹ್ನದ ತನಕ ಹರಟಬೇಕು. ನನಗೆ ವಾರದಲ್ಲಿ ಖುಷಿ ಅನ್ನುವುದು ಇದ್ದದ್ದು ಅದೊಂದೇ ದಿನ.

ಗಿರಾಕಿ ನಾಪತ್ತೆ

ಒಂದು ಸಂಜೆ, ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಬಂದು ಕ್ಯಾಸೆಟ್ಟೊಂದನ್ನು ಕೌಂಟರ್ ಮೇಲಿಟ್ಟಳು. ಅದರ ಮೇಲೆ ಹೆಸರಿಲ್ಲ, ಚಿತ್ರವಿಲ್ಲ.

"ಇದರದ್ದೊಂದು ಕಾಪಿ ಬೇಕಣ್ಣ. ಹಾರ್ಡ್‌ಕೋರ್ ಪಂಕ್. ಅಮೆರಿಕದ್ದು, ಎಂಬತ್ತರ ದಶಕದ್ದು," ಅಂದಳು.

"ಯಾವ ಪಿಚ್ಚರ್‌ದಮ್ಮಾ?" ಅಂದೆ.

"ಪಿಚ್ಚರ್‌ದಲ್ಲ. ಅವರಿಗೆ ಎಲ್ಲದರ ಮೇಲೂ ಕೋಪ, ಅದಕ್ಕೇ ಹಾಡ್ತಾರೆ."

ಹಾಕಿ ನೋಡಿದೆ. ಯಾರೋ ಡ್ರಮ್ಮನ್ನು ಹಿಡಿದು ಬಡಿಯುತ್ತಿದ್ದರು, ಇನ್ನಾರೋ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ನಾನು ವಾಲ್ಯೂಮ್ ತಗ್ಗಿಸಲು ಕೈ ಚಾಚಿ ಗುಂಡಿ ಮುಟ್ಟುವಷ್ಟರಲ್ಲಿ ಹಾಡು ಮುಗಿದೇ ಹೋಗಿತ್ತು. ಆಕೆ ನಾಳೆ ಬರುತ್ತೇನೆಂದು ಹೋದಳು.

ನನ್ನಲ್ಲಿ ಎರಡು ಡೆಕ್ಕುಗಳಿದ್ದವು, ಒಂದು ಹೊಸದು, ಒಂದು ಹಳೆಯದು. ಹೊಸದರಲ್ಲಿ ಆಕೆಯ ಕ್ಯಾಸೆಟ್ಟಿನ ಎ ಸೈಡ್ ಹಾಡಿಸಿ, ಹಳೆಯದರಲ್ಲಿ ರೆಕಾರ್ಡ್ ಮಾಡಿ ಇಟ್ಟೆ. ಆಕೆ ನಾಳೆಯೂ ಬರಲಿಲ್ಲ, ತಿಂಗಳಾದರೂ ಬರಲಿಲ್ಲ. ಮೂಲ ಕ್ಯಾಸೆಟ್ಟನ್ನು ಡ್ರಾಯರಿಗೆ ಹಾಕಿ, ಕಾಪಿಯನ್ನು ಶಿಡ್ಲಘಟ್ಟದವನಿಗೆ ಕೊಟ್ಟೆ. ಅವನಿಗೆ ಒಂದೇ ವಾರದಲ್ಲಿ ಅದರ ಹುಚ್ಚು ಹಿಡಿಯಿತು. ಅದನ್ನು ಕಂಡು ಗೌರಿಬಿದನೂರಿನವನು, "ಅವನಿಗೆ ಕೊಟ್ಟೆ, ನನಗಿಲ್ವೇನೋ?" ಎಂದು ಮುಖ ಊದಿಸಿದ. ಒಂದೇ ಮಾಲನ್ನು ಇಬ್ಬರಿಗೂ ಕೊಡುವುದು ಚೆನ್ನಾಗಿರುವುದಿಲ್ಲವೆಂದು ನಾನು ಧಾರಾಳವಾಗಿ ಬಿ ಸೈಡ್ ಕಾಪಿ ಮಾಡಿಕೊಟ್ಟೆ. ಅಂದು ಹಳೇ ಡೆಕ್ಕಿನ ರೆಕಾರ್ಡಿಂಗ್ ಗುಂಡಿ ಸಿಕ್ಕಿಹಾಕಿಕೊಂಡಿತ್ತು. ಹಾಗಾಗಿ ಹಳೆಯದರಲ್ಲಿ ಹಾಡಿಸಿ ಹೊಸದರಲ್ಲಿ ರೆಕಾರ್ಡ್ ಮಾಡಿದೆ, ನನ್ನ ಕಿವಿ ನನಗೆ ಮುಖ್ಯವಾದ್ದರಿಂದ ವಾಲ್ಯೂಮ್ ಪೂರ್ತಿ ಇಳಿಸಿ.

ಎ ಸೈಡಿನವರದು ಉಸಿರು ತೆಗೆದುಕೊಳ್ಳದ ವೇಗ, ಕೀರಲು ಗಂಟಲು. ಬಿ ಸೈಡಿನವರದು ಭಾರೀ ಗಾಂಭೀರ್ಯ, ಬಾವಿಯೊಳಗಿಂದ ಬಂದಂಥ ದನಿ. ಎರಡರಲ್ಲಿ ಯಾವ ಬ್ಯಾಂಡು ದೊಡ್ಡದು ಎಂದು ಗೆಳೆಯರಿಬ್ಬರೂ ವಾದಕ್ಕಿಳಿದರು. ಬ್ಯಾಂಡಿನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಹಾಡಿನ ಒಂದು ಮಾತೂ ಅರ್ಥವಾಗಿರಲಿಲ್ಲ, ಒಬ್ಬನ ಕ್ಯಾಸೆಟ್ಟನ್ನು ಇನ್ನೊಬ್ಬ ಅರ್ಧ ನಿಮಿಷದ ಮೇಲೆ ಕೇಳಿರಲಿಲ್ಲ. ಎರಡು ವರ್ಷ ವಾದ ಮಾಡಲು ಅಷ್ಟು ಸಾಕಾಯಿತು.

ಒಂದು ಲೋಟ ನೀರು

ಹಾಡು ವೇಗವಾಗಿದ್ದರೆ ಕೆಲಸವೂ ವೇಗವಾಗುತ್ತದೆ ಎಂದು ಶಿಡ್ಲಘಟ್ಟದವನು ಒಂದು ಸಿದ್ಧಾಂತ ಕಟ್ಟಿದ. ತನ್ನ ಯೂನಿಟ್ಟಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಅದನ್ನು ನೋಡಲು ನನ್ನನ್ನೂ ಕರೆಸಿಕೊಂಡ.

ಬಿಸಿನೀರಿನಲ್ಲಿ ಗೂಡು ತೇಲುತ್ತಿತ್ತು, ಹೆಂಗಸರು ಸಾಲಾಗಿ ಕೂತು ಎಳೆ ಹಿಡಿಯುತ್ತಿದ್ದರು. ಇವನು ಕ್ಯಾಸೆಟ್ ಹಾಕಿದ. ಮೊದಲನೇ ಹಾಡಿಗೆ ನಾಲ್ಕು ಎಳೆ ತುಂಡಾದವು. ಎರಡನೇ ಹಾಡಿಗೆ ಒಬ್ಬಾಕೆ ಎದ್ದು ಹೊರಗೆ ಹೋದಳು. ಮೂರನೆಯದು ಮುಗಿಯುವ ಹೊತ್ತಿಗೆ ಎಲ್ಲರೂ ಕೆಲಸ ಬಿಟ್ಟು ಟೇಪ್ ರೆಕಾರ್ಡರನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ಅಜ್ಜಿಯನ್ನು ಇವನು, "ಹೆಂಗೈತಜ್ಜಿ?" ಎಂದು ಕೇಳಿದ.

ಅಜ್ಜಿಯ ಮನೆಮಾತು ತೆಲುಗು. ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ಪಾಪಂ, ಎವರನ್ನಾ ವಾಡಿಕಿ ಕೊಂಚೆಂ ನೀಳ್ಳು ಇಯ್ಯಂಡ್ರಾ," ಅಂದಳು. ಪಾಪ, ಯಾರಾದರೂ ಅವನಿಗೆ ಸ್ವಲ್ಪ ನೀರು ಕೊಡಿ ಅಂತ.

ಇವನು ಹೆಮ್ಮೆಯಿಂದ ನನ್ನ ಭುಜ ತಟ್ಟಿದ. "ನೋಡ್ದಾ? ಅವನ ನೋವು ಅಜ್ಜಿಗೂ ಮುಟ್ತು. ಬಿ ಸೈಡಿನೋನಿಗೆ ಯಾರಾದ್ರೂ ನೀರು ಕೇಳ್ತಾರಾ?"

ಬಸ್ಸಿನಲ್ಲಿ ಪಂಚಾಯ್ತಿ

ಒಮ್ಮೆ ಮೂವರೂ ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ನಿಂತು ಬರುತ್ತಿದ್ದೆವು. ಬಸ್ಸು ಹೊರಡುವ ಮೊದಲೇ ಇವರದು ಶುರುವಾಯಿತು.

"ನಿನ್ನೋರಿಗೆ ತೂಕ ಇಲ್ಲ ಕಣೋ, ಬರೀ ಓಟ!"

"ನಿನ್ನೋರು ಸತ್ತ ಮನೇಲಿ ಹಾಡ್ದಂಗೆ ಹಾಡ್ತಾರೆ!"

"ಇನ್ನೊಂದ್ಸಲ ಅನ್ನೋ ನೋಡಣ!"

ನಾನು ಇಬ್ಬರ ನಡುವೆ ಸಿಕ್ಕಿಕೊಂಡಿದ್ದೆ. ಮುಂದಿನ ಸೀಟಿನಲ್ಲಿ ಪೇಟ ಸುತ್ತಿದ್ದ ಯಜಮಾನರೊಬ್ಬರು ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ತಿರುಗಿ ಕೂತರು. ನ್ಯಾಯ ಹೇಳಿ ರೂಢಿಯಿದ್ದವರ ಮುಖ.

"ಅಣ್ತಮ್ಮಂದಿರೇನಪ್ಪಾ? ಎಷ್ಟು ಎಕರೆ?" ಎಂದು ಕೇಳಿದರು.

ಜಮೀನಿನದಲ್ಲ ಎಂದೆ. ಹೆಣ್ಣಿನ ವಿಚಾರವಾ ಅಂದರು. ಅದೂ ಅಲ್ಲ ಎಂದು, ವಿಷಯವನ್ನು ನಾನೇ ಬಿಡಿಸಿ ಹೇಳಿದೆ. ಅಮೆರಿಕದಲ್ಲಿ ಇಪ್ಪತ್ತು ವರ್ಷದ ಹಿಂದೆ ಕಿರುಚಿದವರು ಎರಡು ಗುಂಪು, ಅವರಲ್ಲಿ ಯಾರು ಚೆನ್ನಾಗಿ ಕಿರುಚಿದ್ದು ಎಂದು ಇವರಿಗೆ ವ್ಯಾಜ್ಯ.

ಯಜಮಾನರು ಮುಂದಕ್ಕೆ ತಿರುಗಿ ಕೂತರು. ಎರಡು ಸ್ಟಾಪು ದಾಟಿತು. ಇಳಿಯುವಾಗ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಇವರು ಹಿಂಗೆ ಹೊಡೆದಾಡ್ತಿರೋದು ಅವರಿಗೇನಾದ್ರೂ ಗೊತ್ತಾ ಮಗಾ?"

ಮೂರು ದಿನದ ರಿಪೇರಿ

ರೆಕಾರ್ಡಿಂಗ್ ಸರಿಯಿಲ್ಲ ಎಂದು ಗಿರಾಕಿಗಳು ದೂರತೊಡಗಿದರು. ಎರಡೂ ಡೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಚಿಂತಾಮಣಿಗೆ ಹೋದೆ. ಅಲ್ಲಿ ಒಬ್ಬ ಹಿರಿಯ ಸಾಹೇಬರು ರೇಡಿಯೋ, ಟೇಪು ಎಲ್ಲವನ್ನೂ ರಿಪೇರಿ ಮಾಡುತ್ತಿದ್ದರು. ಅವರ ಕೈಗೆ ಬಂದ ಯಂತ್ರ ಹಾಡದೆ ವಾಪಸ್ಸು ಹೋದದ್ದಿಲ್ಲ. ಕೊಟ್ಟು ಬರುವ ಅವಸರದಲ್ಲಿ, ಆ ಹುಡುಗಿಯ ಕ್ಯಾಸೆಟ್ಟು ಡೆಕ್ಕಿನೊಳಗೇ ಉಳಿದದ್ದನ್ನು ನಾನು ಮರೆತೆ.

ಮೂರು ದಿನ ಬಿಟ್ಟು ಹೋದರೆ ಅಂಗಡಿ ತುಂಬ ಡೆಕ್ಕಿನ ಅಂಗಾಂಗಗಳು ಹರಡಿಕೊಂಡಿವೆ. ಸಾಹೇಬರ ಕಣ್ಣು ಕೆಂಪಾಗಿದೆ.

"ಭಾಯಿ, ಹೆಡ್ ಬದ್ಲಾಯಿಸ್ದೆ. ಸ್ಪೀಕರ್ ಬದ್ಲಾಯಿಸ್ದೆ. ವೈರೆಲ್ಲಾ ಹೊಸಾದು ಹಾಕ್ದೆ. ಈ ಗರಗರ ಮಾತ್ರ ಹೋಗ್ತಾನೇ ಇಲ್ಲ ನೋಡಿ," ಎಂದು ಕ್ಯಾಸೆಟ್ ಹಾಕಿ ತೋರಿಸಿದರು.

"ಸಾಹೇಬ್ರೇ, ಅದು ಹಾಡು," ಅಂದೆ.

ಅವರು ಕನ್ನಡಕ ತೆಗೆದರು. "ಪೂರಾ?"

"ಪೂರಾ."

"ಯಾ ಅಲ್ಲಾ! ಮೂರು ದಿನದಿಂದ ಹಾಡನ್ನ ರಿಪೇರಿ ಮಾಡ್ತಾ ಕೂತಿದ್ದೀನಾ?"

ಮತ್ತೆ ಎಲ್ಲ ಜೋಡಿಸಿಕೊಡುವಾಗ ಇನ್ನೊಂದು ಮಾತು ಹೇಳಿದರು. ಒಳಗಿನ ರಬ್ಬರ್ ಬೆಲ್ಟು ಎರಡರಲ್ಲೂ ಸರಿಯಿಲ್ಲ, ಹೊಸ ಡೆಕ್ಕು ಓಡುತ್ತೆ, ಹಳೇದು ಕುಂಟುತ್ತೆ, ಬೆಂಗಳೂರಿಂದ ಬೆಲ್ಟ್ ತರಿಸೋ ತನಕ ಬಿಟ್ಟು ಹೋಗಿ ಎಂದು. ನನಗೆ ಅಂಗಡಿ ಮುಚ್ಚಿ ಕೂರುವ ತಾಳ್ಮೆಯಿರಲಿಲ್ಲ. ಹಾಡು ಕೇಳಿಸಿದರೆ ಸಾಕು ಎಂದೆ. ಅವರು ಡೆಕ್ಕನ್ನು ಚೀಲಕ್ಕೆ ಹಾಕುತ್ತಾ, "ಈ ಹಾಡಿಗೆ ಇಷ್ಟು ಸಾಕು ಬಿಡಿ," ಅಂದರು.

ಅಮ್ಮನ ತೀರ್ಪು

ಶಿಡ್ಲಘಟ್ಟದವನಿಗೆ ಮದುವೆ ಗೊತ್ತಾಯಿತು. ದಿಬ್ಬಣದ ಬಸ್ಸಿನಿಂದ ಹಿಡಿದು ಅಡುಗೆಯವರ ತನಕ ಎಲ್ಲವನ್ನೂ ಗೌರಿಬಿದನೂರಿನವನೇ ನೋಡಿಕೊಳ್ಳುವುದೆಂದು ಮಾತಾಗಿತ್ತು. ಮದುವೆಯ ಮನೆಯಲ್ಲೂ ಇವರು ಕಿತ್ತಾಡುವುದು ಬೇಡ, ಮೊದಲೇ ಒಂದು ತೀರ್ಮಾನವಾಗಿಬಿಡಲಿ ಎಂದು ಯೋಚಿಸಿದವನು ನಾನೇ. ತೀರ್ಪುಗಾರಳಾಗಿ ನಮ್ಮಮ್ಮನನ್ನು ಕೂರಿಸಿದೆ. ಇಬ್ಬರಿಗೂ ಒಪ್ಪಿಗೆಯಾಯಿತು. ಅಮ್ಮ ಇಬ್ಬರಿಗೂ ಅನ್ನ ಇಕ್ಕಿದವಳು, ಪಕ್ಷಪಾತ ಮಾಡುವವಳಲ್ಲ.

ಅಮ್ಮ ಹಿತಕಿದ ಬೇಳೆ ಸಾರಿಗೆಂದು ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ಒಬ್ಬೊಬ್ಬರು ಒಂದೊಂದು ಹಾಡು ಹಾಕಬೇಕೆಂದು ನಿಯಮ. ಇಬ್ಬರೂ ತಮ್ಮ ತಮ್ಮ ಕ್ಯಾಸೆಟ್ಟಿನ ಮೂರನೇ ಹಾಡೇ ಶ್ರೇಷ್ಠ ಎಂದರು. ಮೊದಲು ಎ ಸೈಡಿನದು ಹಾಕಿದೆವು, ಆಮೇಲೆ ಬಿ ಸೈಡಿನದು. ಅಮ್ಮ ಕಾಳು ಹಿಸುಕುವುದನ್ನು ನಿಲ್ಲಿಸಿ ಗಮನವಿಟ್ಟು ಕೇಳಿದಳು.

"ಹಾಕಿದ್ದನ್ನೇ ಮತ್ತೆ ಯಾಕ್ರಪ್ಪಾ ಹಾಕಿದ್ರಿ?" ಅಂದಳು.

ಒಬ್ಬನನ್ನು ಸೋಲಿಸಿದ್ದರೆ ಇನ್ನೊಬ್ಬನಾದರೂ ಸುಮ್ಮನಿರುತ್ತಿದ್ದ. ಇಲ್ಲಿ ಇಬ್ಬರಿಗೂ ಅವಮಾನವಾಯಿತು. "ನಿನ್ನ ದರಿದ್ರ ಬ್ಯಾಂಡಿನ ಜೊತೆ ಇಟ್ಟಿದ್ದಕ್ಕೆ ನನ್ನೋರ ಮರ್ಯಾದೆ ಹೋಯ್ತು," ಎಂದು ಒಬ್ಬ, "ನಿನ್ನ ಸಹವಾಸ ಮಾಡಿದ್ದೇ ತಪ್ಪು," ಎಂದು ಇನ್ನೊಬ್ಬ.

"ನಿನ್ನ ಮದುವೆಗೆ ನಾನು ಬರಲ್ಲ ಹೋಗೋ!"

"ಕರೆದೋರ್ಯಾರೋ ನಿನ್ನ?"

ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಹೊರಟುಹೋದರು. ಅಮ್ಮ ಬಾಗಿಲ ತನಕ ಬಂದು ನೋಡಿ, "ನಾನೇನಂದೆ ಅಂಥದ್ದು? ಬೇಕಿದ್ರೆ ಎರಡೂ ಚೆನ್ನಾಗಿಲ್ಲ ಅಂತೀನಿ, ವಾಪಸ್ ಕರಿಯೋ," ಅಂದಳು.

ಗಿರಾಕಿ ಪತ್ತೆ

ಒಂದೂವರೆ ತಿಂಗಳು ಮಾತಿಲ್ಲ. ಶಿಡ್ಲಘಟ್ಟದವನು ಲಗ್ನಪತ್ರಿಕೆ ಕೊಡಲು ಬಂದವನು, ಗೌರಿಬಿದನೂರಿನವನ ಹೆಸರು ಬರೆದಿದ್ದ ಕಾರ್ಡನ್ನೂ ನನ್ನ ಮುಂದಿಟ್ಟು, "ಅವನೇ ಬಂದು ಕೇಳಿದ್ರೆ ಕೊಡು, ನೀನಾಗಿ ಕೊಡ್ಬೇಡ," ಅಂದ. ಅವನು ಕೇಳಲಿಲ್ಲ. ಕಾರ್ಡು ಶೆಲ್ಫಿನ ಮೇಲೆ ಧೂಳು ತಿನ್ನುತ್ತಾ ಕೂತಿತು. ನಿಜ ಹೇಳಬೇಕೆಂದರೆ ಆ ಭಾನುವಾರಗಳಲ್ಲಿ ನನಗೆ ಅಂಗಡಿ ತೆರೆಯಲೂ ಮನಸ್ಸು ಬರುತ್ತಿರಲಿಲ್ಲ. ಅವರಿಬ್ಬರ ಗಲಾಟೆಯಿಲ್ಲದೆ ಅಷ್ಟು ಕ್ಯಾಸೆಟ್ಟುಗಳ ನಡುವೆಯೂ ಅಂಗಡಿ ಬಿಕೋ ಎನ್ನುತ್ತಿತ್ತು.

ಮದುವೆಗೆ ಎಂಟು ದಿನವಿತ್ತು. ಅವನು ಕ್ಷಮೆ ಕೇಳುತ್ತಾನಂತೆ ಬಾ ಎಂದು ಇವನಿಗೆ, ಇವನು ಕ್ಷಮೆ ಕೇಳುತ್ತಾನಂತೆ ಬಾ ಎಂದು ಅವನಿಗೆ ಸುಳ್ಳು ಹೇಳಿ ಕರೆಸಿದೆ. ಇಬ್ಬರೂ ಬಂದು ಬೆಂಚಿನ ಎರಡು ತುದಿಯಲ್ಲಿ ಕೂತು, ಕ್ಷಮೆಗಾಗಿ ಕಾಯತೊಡಗಿದರು. ಒಂದು ಗಂಟೆ ಕಳೆಯಿತು. ತಂದಿಟ್ಟ ಟೀ ಆರಿಹೋಯಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, "ಅಣ್ಣಾ, ಎರಡು ವರ್ಷದ ಹಿಂದೆ ಒಂದು ಕ್ಯಾಸೆಟ್ ಕೊಟ್ಟಿದ್ದೆ. ಹಾರ್ಡ್‌ಕೋರ್ ಪಂಕ್..." ಅಂದಳು. ಅದೇ ಹುಡುಗಿ. ಈಗ ಚಿಂತಾಮಣಿಯಲ್ಲಿ ಬ್ಯಾಂಕಿನ ಕೆಲಸವಂತೆ. ಅಂದೇ ಒಂದು ಪುಟ್ಟ ಟೇಪ್ ರೆಕಾರ್ಡರ್ ಕೊಂಡಿದ್ದಳು, ಕ್ಯಾಸೆಟ್ಟಿನ ನೆನಪಾಗಿ ಬಂದಿದ್ದಳು.

ಬೆಂಚಿನ ಎರಡೂ ತುದಿ ಒಟ್ಟಿಗೆ ಎದ್ದು ನಿಂತವು.

"ಮೇಡಂ, ನೀವೇ ಹೇಳ್ಬೇಕು," ಅಂದ ಶಿಡ್ಲಘಟ್ಟದವನು. "ಎ ಸೈಡ್ ಬ್ಯಾಂಡು ದೊಡ್ಡದಾ, ಬಿ ಸೈಡ್ ಬ್ಯಾಂಡು ದೊಡ್ಡದಾ?"

ಆಕೆ ಇಬ್ಬರನ್ನೂ ನೋಡಿದಳು. "ಎರಡೂ ಕಡೆ ಒಂದೇ ಬ್ಯಾಂಡು, ಅವೇ ಹಾಡುಗಳು. ರಿವೈಂಡ್ ಮಾಡೋಕೆ ಬೇಜಾರು ಅಂತ ಎರಡೂ ಕಡೆ ಅದನ್ನೇ ಹಾಕಿಸ್ಕೊಂಡಿದ್ದೆ."

ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ನನಗೆ ಸಾಹೇಬರ ಮಾತು ಆಗ ನೆನಪಾಯಿತು. ಒಂದು ಓಡುತ್ತೆ, ಒಂದು ಕುಂಟುತ್ತೆ. ಓಡುವುದರಲ್ಲಿ ಹಾಡಿಸಿ ಕುಂಟುವುದರಲ್ಲಿ ಹಿಡಿದ ಎ ಸೈಡ್ ಓಡಿತ್ತು, ಅದನ್ನೇ ತಿರುಗಾಮುರುಗಾ ಮಾಡಿದ ಬಿ ಸೈಡ್ ಕುಂಟಿತ್ತು. ಡೆಕ್ಕು, ಬೆಲ್ಟು ಎಲ್ಲವನ್ನೂ ಒಪ್ಪಿಕೊಂಡು, ಏಟು ಬಿದ್ದರೂ ಬೀಳಲಿ ಎಂದು ನಿಂತೆ. ಹೀಗಾದರೂ ಇಬ್ಬರೂ ಒಂದಾಗಿ ಹೊಡೆಯುತ್ತಾರಲ್ಲ ಎನ್ನುವ ಸಮಾಧಾನವಿತ್ತು.

ಹೊಡೆಯಲಿಲ್ಲ. "ಒರಿಜಿನಲ್ ಹಾಕಿ ಮೇಡಂ," ಅಂದ ಗೌರಿಬಿದನೂರಿನವನು.

ನಾನು ತೆಗೆದುಕೊಟ್ಟ ಕ್ಯಾಸೆಟ್ಟನ್ನು ಆಕೆ ತನ್ನ ಹೊಸ ಟೇಪ್ ರೆಕಾರ್ಡರಿನಲ್ಲಿ ಹಾಕಿದಳು. ಹಾಡು ಓಡಲೂ ಇಲ್ಲ, ಕುಂಟಲೂ ಇಲ್ಲ. ಮೊದಲನೆಯದಾಯಿತು, ಎರಡನೆಯದಾಯಿತು. ಅವರ ಶ್ರೇಷ್ಠ ಮೂರನೇ ಹಾಡೂ ಆಯಿತು. ಇಬ್ಬರ ಮುಖವೂ ಸಪ್ಪಗಾಯಿತು. ಒಂದೂವರೆ ತಿಂಗಳ ಮೇಲೆ ಒಬ್ಬರೊಡನೊಬ್ಬರು ಮೊದಲು ಮಾತಾಡಿದ್ದು ಆಗ.

"ಏನೋ ಇದು, ಸ್ಪೀಡೇ ಇಲ್ಲ."

"ತೂಕಾನೂ ಇಲ್ಲ ಕಣೋ."

"ಇಂಥೋರಿಗೆ ಯಾಕೋ ಹೊಡೆದಾಡಿದ್ವಿ?"

ಆಕೆಗೆ ಸಿಟ್ಟು ಬಂತು. "ರೀ, ಇದು ಒರಿಜಿನಲ್ಲು!"

"ಇರ್ಬೋದು ಮೇಡಂ," ಅಂದ ಶಿಡ್ಲಘಟ್ಟದವನು. "ಆದ್ರೆ ನಮ್ಮ ಚಿಕ್ಕಬಳ್ಳಾಪುರದ್ದು ಇದಕ್ಕಿಂತ ಚೆನ್ನಾಗೈತೆ."

ಪಕ್ಕದಲ್ಲಿ ಗೌರಿಬಿದನೂರಿನವನು ಹೌದೆಂದು ತಲೆಯಾಡಿಸುತ್ತಾ ಶೆಲ್ಫಿಗೆ ಕೈ ಹಾಕಿ, ಕಾರ್ಡಿನ ಧೂಳು ಊದಿ, ತನ್ನ ಹೆಸರು ಓದಿಕೊಂಡು ಜೇಬಿಗಿಟ್ಟ. "ಅಡುಗೆಯೋರಿಗೆ ಹೇಳಿದ್ದೀಯಾ, ಇಲ್ಲ ಅದನ್ನೂ ನಾನೇ ಮಾಡ್ಬೇಕಾ?" ಎಂದು ಗದರಿದ. ಮದುಮಗ ಇಲ್ಲವೆಂದು ತಲೆಯಾಡಿಸಿದ. ನನ್ನ ಕಣ್ಣು ತುಂಬಿ ಬಂತು, ಡೆಕ್ಕು ಒರೆಸುವವನ ಹಾಗೆ ಆ ಕಡೆ ತಿರುಗಿದೆ.

ಸವಾಲು ಹಾಕಿದವಳಂತೆ ಆಕೆ, ಗೆಳೆಯರಿಬ್ಬರ ಜೇಬಿನಲ್ಲೇ ಇದ್ದ ಆ ಎರಡು ಕಾಪಿಗಳನ್ನೂ ಹಾಕಿಸಿ ಕೇಳಿದಳು. ಮೊದಲು ಓಡುವುದು, ಆಮೇಲೆ ಕುಂಟುವುದು. ಕೇಳಿ ಮುಗಿದ ಮೇಲೆ ದನಿ ತಗ್ಗಿಸಿ, "ಅಣ್ಣಾ, ನನಗೂ ಎರಡೂ ಒಂದೊಂದು ಕಾಪಿ ಬೇಕಿತ್ತು," ಅಂದಳು.

"ಅದಕ್ಕೇನಮ್ಮಾ, ಮುಂದಿನ ವಾರ ಬಾ," ಅಂದೆ ನಾನು, ಮಾಡಿದ ತಪ್ಪು ತಿದ್ದಿಕೊಳ್ಳುವ ಉತ್ಸಾಹದಲ್ಲಿ. "ಎರಡು ಡೆಕ್ಕಿಗೂ ಹೊಸ ಬೆಲ್ಟ್ ಹಾಕಿಸಿ, ನಿನ್ನ ಒರಿಜಿನಲ್‌ನಿಂದಲೇ ಚೆನ್ನಾಗಿ ಮಾಡಿಕೊಡ್ತೀನಿ."

"ಬೇಡ!" ಎಂದು ಮೂವರೂ ಒಟ್ಟಿಗೆ ಕಿರುಚಿದರು. ಆ ಅಮೆರಿಕದವರೂ ಅಷ್ಟು ಚೆನ್ನಾಗಿ ಕಿರುಚಿರಲಿಲ್ಲ.